ಹಸಿವಿನ ವೇಷ, ಬೈಜಾಂಟಿಯಮ್ಮಿನ ಬಿರುದು

1954ರಲ್ಲಿ ಬಂದ 'ಮಿಸೇರಿಯಾ ಎ ನೊಬಿಲ್ತಾ' ಎಂಬ ಇಟಲಿಯ ಚಿತ್ರದಲ್ಲಿ ಎರಡು ಸಂಸಾರಗಳು ಒಂದೇ ಬಾಡಿಗೆ ಮನೆಯಲ್ಲಿ ಉಪವಾಸ ಬಿದ್ದಿವೆ. ಒತ್ತೆಯಿಡಲು ಉಳಿದಿರುವುದು ಹಳೆಯ ಕೋಟೊಂದೇ. ಅದರಿಂದ ಬರುವ ದುಡ್ಡಿನಲ್ಲಿ ಏನೇನು ತರಬೇಕೆಂಬ ಪಟ್ಟಿ ಮಾತ್ರ ಬೆಳೆಯುತ್ತಲೇ ಹೋಗುತ್ತದೆ. ಅಷ್ಟರಲ್ಲಿ ಬಾಣಸಿಗನೊಬ್ಬ ಆಳುಗಳ ಜೊತೆ ಒಳಬಂದು, ಮೇಜು ಸಜ್ಜುಮಾಡಿ, ಹಬೆಯಾಡುವ ಸ್ಪಗೆಟ್ಟಿ ಇಟ್ಟು ಹೋಗುತ್ತಾನೆ. ಯಾರೂ ಮಾತಾಡುವುದಿಲ್ಲ. ಕುರ್ಚಿಗಳು ಗೇಣು ಗೇಣಾಗಿ ಮೇಜಿನತ್ತ ಸರಿಯುತ್ತವೆ. ಆಮೇಲೆ ಕೈಗಳೇ ಕೈಗಳು. ಆ ಗದ್ದಲದ ನಡುವೆ ಸೊಟ್ಟ ಗದ್ದದ ತೆಳ್ಳನೆಯ ಮನುಷ್ಯನೊಬ್ಬ ಮೇಜಿನ ಮೇಲೇ ಹತ್ತಿ ನಿಂತು, ಬಾಚಿ ಬಾಚಿ ಬಾಯಿಗೆ ತುರುಕಿಕೊಳ್ಳುತ್ತ, ಬಾಯಿಗೆ ಹಿಡಿಸದ್ದನ್ನು ಕೋಟಿನ ಜೇಬಿಗೆ ಇಳಿಬಿಡುತ್ತ ಕುಣಿಯತೊಡಗುತ್ತಾನೆ. ನಾಳೆಯ ಊಟಕ್ಕೂ ಇರಲಿ ಎಂಬ ದೂರಾಲೋಚನೆ!

ಈ ಹಸಿದವರಿಗೆ ಊಟ ಬಂದದ್ದು ಸುಮ್ಮನಲ್ಲ. ಮಾರ್ಕ್ವಿಸ್ ಮನೆತನದ ಹುಡುಗನೊಬ್ಬ ಹೊಸ ಶ್ರೀಮಂತ ಬಾಣಸಿಗನ ಮಗಳನ್ನು ಪ್ರೀತಿಸಿದ್ದಾನೆ. ಮನೆಯವರು ಒಪ್ಪುತ್ತಿಲ್ಲ. ಆದ್ದರಿಂದ ಇವರಿಗೆ ರೇಷ್ಮೆ ತೊಡಿಸಿ, ತನ್ನ ಕುಲೀನ ಬಂಧುಗಳೆಂದು ಹೇಳಿ ಹೆಣ್ಣು ಕೇಳಲು ಕರೆದೊಯ್ಯಬೇಕಾಗಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ನಮ್ಮ ಗಾದೆಯನ್ನೇ ಹಿಗ್ಗಿಸಿ ಮೂರಂಕದ ನಾಟಕ ಮಾಡಿದಂತಿರುವ ಈ ಕಥೆ, 19ನೇ ಶತಮಾನದ ನೇಪಲ್ಸಿನ ನಾಟಕಕಾರ ಎಡ್ವಾರ್ಡೊ ಸ್ಕಾರ್ಪೆಟ್ಟಾನದು. ಮೇಜಿನ ಮೇಲೆ ಕುಣಿದವನು ಹಾಸ್ಯನಟ ತೊತೋ. ಅವನ ಜೀವನವೂ ಇದೇ ಗಾದೆಯ ಇನ್ನೊಂದು ಪಾಠಾಂತರ. ತೆರೆಯ ಮೇಲೆ ಮೂವತ್ತು ವರ್ಷ ಹಸಿದವನ, ಕಳ್ಳನ, ಕೆಲಸವಿಲ್ಲದವನ ವೇಷ ಹಾಕಿದ ಈ ಮನುಷ್ಯ, ತೆರೆಯ ಹೊರಗೆ ಕೋರ್ಟು ಕಚೇರಿ ಹತ್ತಿಳಿದು ಬೈಜಾಂಟಿಯಮ್ ಚಕ್ರವರ್ತಿಗಳ ವಂಶಸ್ಥನೆಂಬ ಬಿರುದು ಗಳಿಸಿಕೊಂಡವನು.

ಅವನು ಹುಟ್ಟಿದ್ದು 1898ರ ಫೆಬ್ರವರಿ 15ರಂದು, ನೇಪಲ್ಸಿನ ಸಾನಿತಾ ಕೇರಿಯಲ್ಲಿ. ಊರಿನ ಹಳೆಯ ಸ್ಮಶಾನಗಳ ಮೇಲೆ ಎದ್ದ ಬಡವರ ಬಡಾವಣೆ ಅದು. ಸಾಂತಾ ಮಾರಿಯಾ ಆಂತೆಸೇಕುಲಾ ಎಂಬ ಬೀದಿಯ ಒಂದು ಮನೆ. ತಾಯಿ ಆನ್ನಾ ಕ್ಲೆಮೆಂತೆ ಮದುವೆಯಾಗದ ಹೆಣ್ಣುಮಗಳು. ತಂದೆ ಜುಸೆಪ್ಪೆ ದೆ ಕೂರ್ತಿಸ್ ಕುಲೀನ ಮನೆತನದವನು. ಮನೆತನದಲ್ಲಿ ಹೆಸರಿತ್ತು, ಹಣವಿರಲಿಲ್ಲ. ಮನೆಯವರ ಭಯಕ್ಕೆ ಅವನು ಮಗುವನ್ನು ತನ್ನದೆಂದು ಒಪ್ಪಲಿಲ್ಲ. ಹುಡುಗ ತಾಯಿಯ ಹೆಸರಿನಲ್ಲಿ ಆಂತೋನಿಯೊ ಕ್ಲೆಮೆಂತೆ ಎಂದು ಬೆಳೆದ. ಕೇರಿಯ ಹುಡುಗರ ಬಾಯಲ್ಲಿ ಅಪ್ಪನಿಲ್ಲದವನು ಎಂಬ ಮಾತು ಎಷ್ಟು ಸಲೀಸಾಗಿ ಬಂದಿರಬೇಕೆಂದು ಊಹಿಸಲು ನೇಪಲ್ಸಿಗೆ ಹೋಗಬೇಕಾಗಿಲ್ಲ. ತಂದೆತಾಯಿ ಮದುವೆಯಾದದ್ದು 1921ರಲ್ಲಿ. ಅಷ್ಟೊತ್ತಿಗೆ ಮಗನಿಗೆ 23 ವರ್ಷ.

ತಾಯಿಗೆ ಅವನನ್ನು ಪಾದ್ರಿ ಮಾಡುವ ಆಸೆಯಿತ್ತು. ಅವನಿಗೆ ಬೀದಿಯಲ್ಲಿ ಹೋಗುವವರನ್ನು ಹಿಂಬಾಲಿಸಿ ಅವರ ನಡಿಗೆ ಕದಿಯುವ ಚಾಳಿ. ಶಾಲೆಯಲ್ಲಿ ಮೇಷ್ಟ್ರೊಬ್ಬರ ಜೊತೆ ಆಟಕ್ಕೆಂದು ಮುಷ್ಟಿಯುದ್ಧ ಮಾಡುವಾಗ ಬಿದ್ದ ಏಟಿಗೆ ಮೂಗಿನ ಎಲುಬು ಸರಿದು, ಮುಖ ಒಂದು ಕಡೆಗೆ ವಾಲಿತು. ನಗೆಗಾರನ ಬಂಡವಾಳದ ಅರ್ಧ ಭಾಗ ಹೀಗೆ ಬಿಟ್ಟಿಯಾಗಿ ಸಿಕ್ಕಿತು. ಮೊದಲ ಮಹಾಯುದ್ಧದ ಕಾಲಕ್ಕೆ ಸೈನ್ಯ ಸೇರಿದ. ರಣರಂಗಕ್ಕೆ ಹೊರಟ ರೈಲು ಹತ್ತಬೇಕಾದಾಗ ಮೂರ್ಛೆರೋಗ ನಟಿಸಿ ಆಸ್ಪತ್ರೆ ಹಿಡಿದನೆಂಬುದು ಪ್ರಸಿದ್ಧವಾದ ಕಥೆ. ಸೈನ್ಯದಲ್ಲಿ ಅವನಿಗೆ ಸಿಕ್ಕಿದ ಗಟ್ಟಿ ಆಸ್ತಿಯೆಂದರೆ ಒಬ್ಬ ಕಾರ್ಪೊರಲ್. ಸಣ್ಣ ಅಧಿಕಾರ ಕೈಗೆ ಸಿಕ್ಕಿದ್ದೇ ತಡ ಕೆಳಗಿನವರನ್ನು ಗೋಳುಹೊಯ್ದುಕೊಳ್ಳುವ ಜಾತಿಯ ಮನುಷ್ಯ. ಲೋಕದ ಜನರನ್ನು ಮನುಷ್ಯರು ಮತ್ತು ಕಾರ್ಪೊರಲ್‌ಗಳು ಎಂದು ಎರಡೇ ಪಂಗಡ ಮಾಡುವ ತೊತೋನ ಸಿದ್ಧಾಂತ ಹುಟ್ಟಿದ್ದು ಅಲ್ಲಿ. ಮುಂದೆ ಅದೇ ಹೆಸರಿನಲ್ಲಿ ಅವನು ಪುಸ್ತಕ ತಂದ, 1955ರಲ್ಲಿ ಚಿತ್ರವೂ ಬಂತು.

ನೇಪಲ್ಸಿನ ರಂಗಮಂಚಗಳಲ್ಲಿ ಆಗ ಗುಸ್ತಾವೊ ದೆ ಮಾರ್ಕೊ ಎಂಬ ನಟನಿದ್ದ. ಕೀಲು ಕಳಚಿದ ಗೊಂಬೆಯಂತೆ ಕೈಕಾಲು ಕುತ್ತಿಗೆಗಳನ್ನು ಬೇರೆಬೇರೆ ದಿಕ್ಕಿಗೆ ಎಸೆಯುವುದು ಅವನ ವಿದ್ಯೆ. ತೊತೋ ಶುರುಮಾಡಿದ್ದು ಅವನ ನಕಲಿನಿಂದ. ತಂದೆತಾಯಿಯ ಜೊತೆ ರೋಮಿಗೆ ಬಂದಮೇಲೆ ಒಂದು ಚಿಕ್ಕ ಕಂಪನಿಯಲ್ಲಿ ಸಂಬಳವಿಲ್ಲದ ನಟನಾಗಿ ಸೇರಿದ. ಮನೆಯಿಂದ ಥಿಯೇಟರಿಗೆ ದಿನಾ ಊರಡ್ಡ ನಡೆಯಬೇಕು. ಒಂದು ದಿನ ಟ್ರಾಮಿಗೆ ಚಿಲ್ಲರೆ ಕೊಡಿ ಎಂದು ಬಾಯಿಬಿಟ್ಟು ಕೇಳಿದ್ದಕ್ಕೆ ಯಜಮಾನ ಕೆಲಸದಿಂದಲೇ ತೆಗೆದ. ಆಮೇಲೆ, 1922ರ ಸುಮಾರಿಗೆ, ಜೋವಿನೆಲ್ಲಿ ಥಿಯೇಟರ್ ಕೈಹಿಡಿಯಿತು. ಅಲ್ಲಿನ ಪ್ರೇಕ್ಷಕರು ಮೆಚ್ಚಿದರೆ ಛಾವಣಿ ಹಾರಿಸುವವರು, ಮೆಚ್ಚದಿದ್ದರೆ ನಟನನ್ನೇ ಹಾರಿಸುವವರು. ಅವರು ಮೆಚ್ಚಿದರು. ವೇಷ ಆಗಲೇ ಗಟ್ಟಿಯಾಯಿತು: ಸವೆದ ಬೌಲರ್ ಟೋಪಿ, ಅಳತೆ ಮೀರಿದ ಉದ್ದ ಕೋಟು, ಗಿಡ್ಡ ಪ್ಯಾಂಟಿನ ಕೆಳಗೆ ಬಣ್ಣದ ಕಾಲುಚೀಲ, ಟೈಗೆ ಬದಲು ಬೂಟಿನ ಲಾಡಿ. ಒಳ್ಳೆಯ ಬಟ್ಟೆಯ ಆಸೆಯಿದ್ದು ಅದಕ್ಕೆ ಬೇಕಾದ ಕಾಸಿಲ್ಲದವನ ಉಡುಪು ಇದು. ಇದನ್ನು ಚಾಪ್ಲಿನ್‌ನ ಅನುಕರಣೆ ಎಂದು ತಳ್ಳಿಹಾಕಿದವರಿದ್ದಾರೆ. ನನಗೇನೋ ಇದು ಸಾನಿತಾದ ಯಾವ ಮೂಲೆಯಲ್ಲಾದರೂ ಕಾಣಸಿಗುತ್ತಿದ್ದ ಉಡುಪು ಅನ್ನಿಸುತ್ತದೆ.

1929ರ ಕೊನೆಯಲ್ಲಿ ಲಿಲಿಯಾನಾ ಕಾಸ್ತಾಞೋಲಾ ಎಂಬ ಹೆಸರುವಾಸಿ ಗಾಯಕಿಯೊಡನೆ ಪ್ರೇಮ ಬೆಳೆಯಿತು. ಅವಳ ತೀವ್ರತೆಯನ್ನು ತಡೆಯಲಾರದೆ ಅವನು ದೂರ ಸರಿಯತೊಡಗಿದ. 1930ರ ಮಾರ್ಚಿನಲ್ಲಿ ಅವಳು ನೇಪಲ್ಸಿನ ವಸತಿಗೃಹವೊಂದರಲ್ಲಿ ನಿದ್ರೆ ಗುಳಿಗೆ ನುಂಗಿ ಪ್ರಾಣಬಿಟ್ಟಳು. ಅವಳ ಶವವನ್ನು ತನ್ನ ಮನೆತನದ ಸಮಾಧಿಯಲ್ಲೇ ಇರಿಸಿದ ತೊತೋ, 1933ರಲ್ಲಿ ಹುಟ್ಟಿದ ಮಗಳಿಗೆ ಅದೇ ಹೆಸರಿಟ್ಟ. ಮಗಳ ತಾಯಿ ದಿಯಾನಾ ರೊಲ್ಯಾನಿಯನ್ನು 1935ರಲ್ಲಿ ಮದುವೆಯಾದ. ಆ ಮದುವೆಯೂ ಬಹುಕಾಲ ಬಾಳಲಿಲ್ಲ.

ಅದೇ 1933ರಲ್ಲಿ ನಡೆದ ಇನ್ನೊಂದು ಸಂಗತಿ ವಿಚಿತ್ರವಾದದ್ದು. 35 ವರ್ಷದ ಈ ಹಾಸ್ಯನಟ, ಗಾಲ್ಯಾರ್ದಿ ಎಂಬ ವೃದ್ಧ ಮಾರ್ಕ್ವಿಸ್‌ಗೆ ದತ್ತುಮಗನಾದ. ಮುದುಕನಿಗೆ ಜೀವನಾಂಶ, ಇವನಿಗೆ ವಂಶ. ಅಲ್ಲಿಂದ ಮುಂದೆ ವಂಶಾವಳಿಯ ಕಾಗದಗಳ ಹುಡುಕಾಟ, ವಕೀಲರು, ಅರ್ಜಿಗಳು. 1940ರ ದಶಕದ ನಡುಭಾಗದಲ್ಲಿ ನೇಪಲ್ಸಿನ ನ್ಯಾಯಾಲಯ ಅವನ ಬಿರುದುಗಳನ್ನು ಮಾನ್ಯಮಾಡಿತು. ಫೋಕಸ್, ಡೂಕಸ್, ಕೊಮ್ನೆನೋಸ್ ಎಂದು ಬೈಜಾಂಟಿಯಮ್ಮಿನ ರಾಜವಂಶಗಳ ಹೆಸರುಗಳೆಲ್ಲ ಅವನ ಹೆಸರಿಗೆ ಅಂಟಿಕೊಂಡವು. ಇಟಲಿಯ ಗಣರಾಜ್ಯ ಸಂವಿಧಾನ ಜಾರಿಗೆ ಬಂದದ್ದು 1948ರ ಜನವರಿ 1ರಂದು. ಅದು ಕುಲೀನ ಬಿರುದುಗಳನ್ನು ಮಾನ್ಯಮಾಡುವುದಿಲ್ಲ ಎಂದು ಸಾರಿತು! ಸ್ಟುಡಿಯೋದ ಲೈಟ್‌ಬಾಯ್‌ಗಳು ಮಾತ್ರ ಕೊನೆಯವರೆಗೂ ಅವನನ್ನು 'ಪ್ರಿಂಚಿಪೆ' ಎಂದೇ ಕರೆದರು, ಅವನೂ ರಾಜಕುಮಾರನ ಹಾಗೆ ಮಧ್ಯಾಹ್ನಕ್ಕೆ ಮುಂಚೆ ಶೂಟಿಂಗಿಗೆ ಬರಲಿಲ್ಲ. ಬೆಳಗ್ಗೆ ಹೊತ್ತು ಯಾರನ್ನೂ ನಗಿಸಲಾಗದು ಎಂಬುದು ಅವನ ನಂಬಿಕೆ. ಈ ಬಿರುದಿನ ಹುಚ್ಚನ್ನು ನೋಡಿ ನಕ್ಕವರು ಬಹಳ. ಹುಟ್ಟಿನಲ್ಲಿ ಒಂದು ಹೆಸರೂ ಸಿಗದವನು ಕೈಗೆ ಸಿಕ್ಕ ಹೆಸರುಗಳನ್ನೆಲ್ಲ ಜೇಬಿಗೆ ತುರುಕಿಕೊಂಡದ್ದು ನನಗೆ ನಗುವ ವಿಷಯವಾಗಿ ಕಂಡಿಲ್ಲ.

ಅವನ ನಿಜವಾದ ರಾಜ್ಯ ರಂಗದ ಮೇಲಿತ್ತು. ಮುಸೊಲಿನಿಯ ಕಾಲದ 1930ರ ದಶಕದಲ್ಲಿ, ಸಿನಿಮಾ ಶುರುವಾಗುವ ಮುಂಚೆ ಅದೇ ಥಿಯೇಟರಿನಲ್ಲಿ ನಡೆಯುತ್ತಿದ್ದ ಅಗ್ಗದ ನಗೆ-ಕುಣಿತದ ಪ್ರದರ್ಶನಗಳಲ್ಲಿ ಅವನು ಊರೂರು ತಿರುಗಿದ. 1940ರಿಂದ ಮಿಕೇಲೆ ಗಾಲ್ದಿಯೇರಿ ಬರೆದ ರೆವ್ಯೂಗಳಲ್ಲಿ, ಅಂದರೆ ಹಾಡು, ಕುಣಿತ, ನಗೆಪ್ರಸಂಗಗಳ ದೊಡ್ಡ ರಂಗಪ್ರದರ್ಶನಗಳಲ್ಲಿ, ನಟಿ ಆನ್ನಾ ಮಾಞಾನಿಯ ಜೊತೆ ನಿಂತ. ರೋಮ್ ನಾಜಿಗಳ ವಶದಲ್ಲಿದ್ದ 1944ರ ಮೊದಲ ತಿಂಗಳುಗಳಲ್ಲಿ ನಡೆದ ಒಂದು ರೆವ್ಯೂವಿನ ಹೆಸರು, 'ಅವರು ತಲೆಯಲ್ಲಿ ಏನಂದುಕೊಂಡಿದ್ದಾರೆ?' ಎಂಬರ್ಥ ಬರುವಂತಿತ್ತು. ಆ ಅವರು ಯಾರೆಂದು ಊರಿಗೆಲ್ಲ ಗೊತ್ತು. ಅಧಿಕಾರಿಗಳು ಹೆಸರು ಬದಲಿಸಿದರು, ರಂಗದ ಮೇಲಿನ ಕುಹಕ ಉಳಿಯಿತು. ಥಿಯೇಟರಿನ ಬಾಗಿಲಲ್ಲಿ ಬಾಂಬು ಸಿಡಿಯಿತು. ಬಂಧನದ ಸುಳಿವು ಸಿಕ್ಕ ತೊತೋ ಮನೆಯವರೊಡನೆ ತಲೆಮರೆಸಿಕೊಂಡ. ಹೊರಬಂದದ್ದು ಜೂನ್ 4ರಂದು ಮಿತ್ರಪಡೆಗಳು ರೋಮ್ ಪ್ರವೇಶಿಸಿದ ಮೇಲೆಯೇ.

ರಂಗದಲ್ಲಿ ಅವನು ಏನು ಮಾಡುತ್ತಿದ್ದನೆಂದು ತಿಳಿಯಲು ರೈಲಿನ ಮಲಗುವ ಡಬ್ಬಿಯ ಪ್ರಸಂಗವನ್ನು ನೋಡಬೇಕು. 1947ರ ರೆವ್ಯೂವೊಂದರದು. ಒಂದು ಡಬ್ಬಿ, ಎರಡು ಮಂಚ. ಒಳಗಿರುವವರು ತ್ರೊಂಬೆತ್ತಾ ಎಂಬ ಗಂಭೀರ ಸಂಸತ್ ಸದಸ್ಯ ಮತ್ತು ತೊತೋ. ಸಂಸದರಿಗೆ ನಿದ್ದೆ ಬೇಕು, ಇವನಿಗೆ ಹರಟೆ ಬೇಕು. ಹೆಸರು ಕೇಳಿದ್ದೇ ತಡ, ತುತ್ತೂರಿ ಎಂದು ಅರ್ಥಬರುವ ಆ ಹೆಸರನ್ನು ಹಿಡಿದುಕೊಂಡು ಸಂಸದರ ಅಪ್ಪ, ಅಕ್ಕ, ಭಾವಂದಿರನ್ನೆಲ್ಲ ಮರ್ಯಾದೆಯಿಂದಲೇ ಬೀದಿಗೆಳೆಯುತ್ತಾನೆ. ಸಾಮಾನು ಕಿಟಕಿಯಿಂದ ಹಾರುತ್ತದೆ. ಸಂಸದನ ಪಾತ್ರದ ಮಾರಿಯೊ ಕಾಸ್ತೆಲ್ಲಾನಿ ತಾಳಮದ್ದಳೆಯ ಪಳಗಿದ ಎದುರು ಅರ್ಥಧಾರಿಯ ಹಾಗೆ: ಇವನು ಎಲ್ಲಿಗೆ ಹಾರಿದರೂ ಬೀಳದಂತೆ ಮಾತು ಒಡ್ಡಬೇಕು, ತಾನು ನಗಬಾರದು. ಕಾಗದದ ಮೇಲೆ ಹತ್ತು ನಿಮಿಷದಷ್ಟಿದ್ದ ಪ್ರಸಂಗ ರಾತ್ರಿಯಿಂದ ರಾತ್ರಿಗೆ ಉಬ್ಬಿ ಮುಕ್ಕಾಲು ಗಂಟೆಯ ಹತ್ತಿರಕ್ಕೆ ಬಂತು. ಅದರಲ್ಲಿ ಕಾದಂಬರಿಯಷ್ಟು ಕಥೆಯಿಲ್ಲ, ರಾಜಕೀಯದ ಘೋಷಣೆಯಿಲ್ಲ. ಇಪ್ಪತ್ತು ವರ್ಷ ದೊಡ್ಡವರೆದುರು ಕೈಕಟ್ಟಿ ನಿಂತಿದ್ದ ಪ್ರೇಕ್ಷಕರಿಗೆ, ದೊಡ್ಡವನೊಬ್ಬನ ಮೂಗು ಹಿಂಡುವುದನ್ನು ಕೂತು ನೋಡುವ ಭಾಗ್ಯವಿತ್ತು. ಈ ಪ್ರಸಂಗ 1952ರ 'ತೊತೋ ಆ ಕೊಲೋರಿ' ಚಿತ್ರದಲ್ಲಿ ಉಳಿದುಕೊಂಡಿದೆ. ಇಟಲಿಯ ಮೊದಮೊದಲ ಬಣ್ಣದ ಚಿತ್ರಗಳಲ್ಲಿ ಒಂದಾದ ಅದಕ್ಕೆ ಫೆರಾನಿಯಾ ಕಂಪನಿಯ ಫಿಲ್ಮ್ ಬಳಸಿದ್ದರು. ಆ ಫಿಲ್ಮಿಗೆ ಬೆಂಕಿಯಂಥ ಬೆಳಕು ಬೇಕಿತ್ತು. ಮೊದಲೇ ಕೆಟ್ಟಿದ್ದ ಕಣ್ಣಿಗೆ ಅದು ಒಳ್ಳೆಯದು ಮಾಡಿರಲಾರದು.

ಮೊದಲ ಚಿತ್ರ 1937ರದು, 'ಫೆರ್ಮೊ ಕೋನ್ ಲೆ ಮಾನಿ'. ಅದು ಓಡಲಿಲ್ಲ. ಯುದ್ಧ ಮುಗಿದಮೇಲೆ, 1947-48ರ ಹೊತ್ತಿಗೆ, ಗಿರಣಿ ತಿರುಗತೊಡಗಿತು. ಒಟ್ಟು 97 ಚಿತ್ರಗಳು. ಕೆಲವು ವರ್ಷ ಐದಾರು. ಕೆಲವೇ ವಾರಗಳಲ್ಲಿ ಮುಗಿಸಿದ್ದು, ಹಳೇ ಸೆಟ್ಟಿನಲ್ಲಿ ತೆಗೆದದ್ದು, ಆಗ ಓಡುತ್ತಿದ್ದ ಹಾಲಿವುಡ್ ಚಿತ್ರದ ಅಣಕ, ಎಲ್ಲವೂ ಇದೆ. ಅನೇಕವು ತೊತೋ ಇಲ್ಲದ ಭಾಗಗಳಲ್ಲಿ ನೋಡಲಾಗದಷ್ಟು ಸಪ್ಪೆ ಎಂಬುದನ್ನು ಅಭಿಮಾನಿಗಳೂ ಒಪ್ಪುತ್ತಾರೆ. ಅಂದಿನ ವಿಮರ್ಶಕರಿಗೆ ಅಷ್ಟೇ ಸಾಕಾಗಿತ್ತು. ರೊಸ್ಸೆಲ್ಲಿನಿ, ದೆ ಸಿಕಾರ ನವವಾಸ್ತವವಾದಿ ಚಿತ್ರಗಳಿಗೆ ಜಗತ್ತೇ ಎದ್ದುನಿಂತ ಕಾಲ ಅದು. ಆ ಚಿತ್ರಗಳು ಯಾರ ಬಡತನವನ್ನು ತೋರಿಸುತ್ತಿದ್ದವೋ ಅವರು ಮಾತ್ರ ಪಕ್ಕದ ಥಿಯೇಟರಿನಲ್ಲಿ ತೊತೋ ನೋಡುತ್ತಿದ್ದರು.

ಎರಡೂ ಕಡೆ ತೋರಿಸುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ ಬಡತನ. 1949ರ 'ತೊತೋ ಚೆರ್ಕಾ ಕಾಜಾ'ದಲ್ಲಿ ಯುದ್ಧದಲ್ಲಿ ಮನೆ ಕಳೆದುಕೊಂಡ ಸಂಸಾರ ಶಾಲೆಯ ಕೋಣೆಯಲ್ಲಿ, ಆಮೇಲೆ ಸ್ಮಶಾನದಲ್ಲಿ ಠಿಕಾಣಿ ಹೂಡುತ್ತದೆ. ಬಾಂಬು ಬಿದ್ದ ಊರುಗಳಲ್ಲಿ ಅದು ಅತಿಶಯೋಕ್ತಿಯಾಗಿ ಕಂಡಿರಲಿಕ್ಕಿಲ್ಲ. 1951ರ 'ಗ್ವಾರ್ದಿಯೆ ಎ ಲಾದ್ರಿ'ಯಲ್ಲಿ ತೊತೋ ಕಳ್ಳ. ರೋಮನ್ ಫೋರಮ್ಮಿನ ಅವಶೇಷಗಳ ನಡುವೆ ಅಮೆರಿಕನ್ನನೊಬ್ಬನಿಗೆ ನಕಲಿ ಪ್ರಾಚೀನ ನಾಣ್ಯ ದಾಟಿಸುತ್ತಾನೆ. ಬೆನ್ನಟ್ಟುವ ಪೊಲೀಸನಾಗಿ ದಡೂತಿ ದೇಹದ ಆಲ್ದೊ ಫಾಬ್ರಿಜಿ. ಓಡಿ ಓಡಿ ಇಬ್ಬರಿಗೂ ಉಸಿರು ಕಟ್ಟಿ, ಬಯಲಲ್ಲಿ ಅಷ್ಟು ದೂರ ಇಷ್ಟು ದೂರ ಕೂತು ಸುಧಾರಿಸಿಕೊಳ್ಳುತ್ತ ಮಾತಿಗಿಳಿಯುತ್ತಾರೆ. ಕಳ್ಳ ಸಿಗದಿದ್ದರೆ ಪೊಲೀಸನ ಕೆಲಸ ಹೋಗುತ್ತದೆ, ಸಿಕ್ಕರೆ ಕಳ್ಳನ ಮಕ್ಕಳು ಉಪವಾಸ. ಕೊನೆಗೆ ಪೊಲೀಸನೇ ಹಿಂದೇಟು ಹಾಕುತ್ತಾನೆ, ಕಳ್ಳನೇ ಅವನನ್ನು ಜೈಲಿಗೆ ಎಳೆದೊಯ್ಯುತ್ತಾನೆ. ಸ್ತೇನೊ ಮತ್ತು ಮಾರಿಯೊ ಮೊನಿಚೆಲ್ಲಿ ನಿರ್ದೇಶಿಸಿದ ಈ ಚಿತ್ರಕ್ಕೆ ಕಾನ್ ಚಿತ್ರೋತ್ಸವದಲ್ಲಿ ಚಿತ್ರಕಥೆಯ ಪ್ರಶಸ್ತಿ ಬಂತು, ತೊತೋನಿಗೆ ಇಟಲಿಯ ವಿಮರ್ಶಕರ 'ಬೆಳ್ಳಿ ರಿಬ್ಬನ್' ಸಿಕ್ಕಿತು.

ಸರ್ಕಾರಕ್ಕೆ ಇದು ರುಚಿಸಲಿಲ್ಲ. ಕ್ರಿಶ್ಚಿಯನ್ ಡೆಮಾಕ್ರಟರ ಆಳ್ವಿಕೆಯಲ್ಲಿ ಸಿನಿಮಾದ ಉಸ್ತುವಾರಿ ಯುವ ಜೂಲಿಯೊ ಆಂದ್ರೆಯೊತ್ತಿಯ ಕೈಯಲ್ಲಿತ್ತು. ಮನೆಯ ಕೊಳೆ ಬಟ್ಟೆಯನ್ನು ಬೀದಿಯಲ್ಲಿ ಒಗೆಯಬಾರದೆಂಬ ಧೋರಣೆಯವನು. ಮೊನಿಚೆಲ್ಲಿ ಮುಂದೆ ತೊತೋನಿಗೆ ಪೊಲೀಸನ ವೇಷವನ್ನೇ ಹಾಕಿಸಿ 'ತೊತೋ ಎ ಕರೋಲಿನಾ' ತೆಗೆದಾಗ ಸೆನ್ಸಾರಿನವರು ಕೆರಳಿದರು. ಬಸಿರಾದ, ಸಾಯಲು ಹೊರಟ ಹುಡುಗಿಯನ್ನು ಊರಿಗೆ ಮುಟ್ಟಿಸಬೇಕಾದ ಬಡಪಾಯಿ ಪೊಲೀಸ್ ಅವನು. ಸಮವಸ್ತ್ರ ತೊಟ್ಟವನು ನಗೆಪಾಟಲಾಗಬಾರದು, ಕಮ್ಯುನಿಸ್ಟರು ಒಳ್ಳೆಯವರಾಗಿ ಕಾಣಬಾರದು. ಕತ್ತರಿಯಾಡಿ ಆಡಿ 1955ರಲ್ಲಿ ಬಿಡುಗಡೆಯಾದ ಚಿತ್ರದಲ್ಲಿ ಹುಡುಗಿ ಉಳಿದಿದ್ದಳು, ಕಥೆ ಕುಂಟುತ್ತಿತ್ತು. ಸಂಸತ್ ಸದಸ್ಯನ ಮೂಗು ಹಿಂಡಿದ್ದನ್ನು ಸಹಿಸಿದವರಿಗೆ ಪೇದೆಯ ಟೋಪಿ ಓರೆಯಾದದ್ದು ಸಹ್ಯವಾಗಲಿಲ್ಲ ಎನ್ನುವುದು ಸೋಜಿಗ.

ನಗೆಯೊಂದನ್ನೇ ಲೆಕ್ಕ ಹಿಡಿದರೆ ಪೆಪ್ಪಿನೊ ದೆ ಫಿಲಿಪ್ಪೊ ಜೊತೆಗಿನ ಚಿತ್ರಗಳನ್ನು ಮೀರಿಸುವಂಥವಿಲ್ಲ. ಪೆಪ್ಪಿನೊ 'ಮಿಸೇರಿಯಾ ಎ ನೊಬಿಲ್ತಾ' ಬರೆದ ಅದೇ ಸ್ಕಾರ್ಪೆಟ್ಟಾನ ಮಗ. ಅವನನ್ನೂ ತಂದೆ ತನ್ನವನೆಂದು ಒಪ್ಪಿರಲಿಲ್ಲ. ಅಪ್ಪನ ಹೆಸರಿಲ್ಲದೆ ಬೆಳೆದ ಇಬ್ಬರು ನೇಪಲ್ಸಿಗರು 1956ರಲ್ಲಿ 'ತೊತೋ, ಪೆಪ್ಪಿನೊ ಎ ಲಾ ಮಾಲಾಫೆಮ್ಮಿನಾ'ದಲ್ಲಿ ಹಳ್ಳಿಯ ಅಣ್ಣತಮ್ಮಂದಿರಾದರು. ಮಿಲಾನಿನ ನರ್ತಕಿಯ ಹಿಂದೆ ಹೋದ ಸೋದರಳಿಯನನ್ನು ಬಿಡಿಸಿ ತರಬೇಕು. ಮಿಲಾನಿನಲ್ಲಿ ಚಳಿಯೆಂದು ಕೇಳಿ ಸೈಬೀರಿಯಾಕ್ಕೆ ಹೊರಟವರಂತೆ ತುಪ್ಪಳದ ಕೋಟು, ತುಪ್ಪಳದ ಟೋಪಿ ಹೇರಿಕೊಂಡು ಇಳಿಯುತ್ತಾರೆ. ಕಥೀಡ್ರಲ್ ಚೌಕದ ಪೊಲೀಸನ ಹತ್ತಿರ ಹರಕುಮುರುಕು ಫ್ರೆಂಚ್-ಜರ್ಮನ್ ಕಲಸಿ ದಾರಿ ಕೇಳುತ್ತಾರೆ, ಅದೂ ಇಟಲಿಯೊಳಗೇ. ಆಮೇಲೆ ನರ್ತಕಿಗೆ ಬರೆಯುವ ಪತ್ರ. ತೊತೋ ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತ ಹೇಳುತ್ತಾನೆ, ಪೆಪ್ಪಿನೊ ನೇಗಿಲು ಹೊಡೆಯುವವನಂತೆ ಪೆನ್ನು ಒತ್ತಿ ಬರೆಯುತ್ತಾನೆ. ನಡುನಡುವೆ ಕರವಸ್ತ್ರ ತೆಗೆದು ಬೆವರು ಒರೆಸಿಕೊಳ್ಳುತ್ತಾನೆ. ಪೂರ್ಣವಿರಾಮ ಹಾಕು, ಎರಡು ಹಾಕು, ಅರ್ಧವಿರಾಮವೂ ಇರಲಿ. ನಾವು ಜಿಪುಣರೆಂದು ಅವಳು ತಿಳಿಯಬಾರದು. ಓದುಬರಹ ಹೊಸದಾಗಿ ತಲುಪಿದ, ದಕ್ಷಿಣದ ಹಳ್ಳಿಗಳಿಂದ ಉತ್ತರದ ಕಾರ್ಖಾನೆಗಳಿಗೆ ಜನ ರೈಲು ತುಂಬಿ ಹೋಗುತ್ತಿದ್ದ ದೇಶ ಅದು. ಆ ಋತುವಿನಲ್ಲಿ ಅತಿ ಹೆಚ್ಚು ಗಳಿಸಿದ ಇಟಾಲಿಯನ್ ಚಿತ್ರ ಇದೇ ಆಯಿತು. ಚಿತ್ರದ ಹೆಸರು ತೊತೋನೇ 1951ರಲ್ಲಿ ಬರೆದು ರಾಗ ಹಾಕಿದ ಹಾಡಿನದು. ಬಿಟ್ಟುಹೋದ ಹೆಂಡತಿ ದಿಯಾನಾಳನ್ನು ನೆನೆದು ಬರೆದದ್ದು.

1957ರ ಮೇ ತಿಂಗಳು. ಏಳು ವರ್ಷದ ಮೇಲೆ ಮತ್ತೆ ರಂಗಕ್ಕೆ ಬಂದಿದ್ದ ತೊತೋ ಪಾಲೆರ್ಮೊದಲ್ಲಿ ಆಡುತ್ತಿದ್ದ. ಎಡಗಣ್ಣು 1930ರ ದಶಕದಲ್ಲೇ ಹೋಗಿತ್ತು; ಈಗ ಆಟದ ನಡುವೆ ಬಲಗಣ್ಣಿನೊಳಗೆ ರಕ್ತಸ್ರಾವವಾಗಿ ಕತ್ತಲು ಕವಿಯಿತು. ಜೊತೆಯಲ್ಲೇ ಆಡುತ್ತಿದ್ದ ಸಂಗಾತಿ ಫ್ರಾಂಕಾ ಫಾಲ್ದಿನಿಗೆ ಕಣ್ಣು ಕಾಣುತ್ತಿಲ್ಲವೆಂದು ಪಿಸುಗುಟ್ಟಿ ಆಟ ಮುಂದುವರಿಸಿದ. ತಿರುಗಾಟ ಅಲ್ಲಿಗೆ ನಿಂತಿತು. ತಿಂಗಳುಗಟ್ಟಲೆ ಕತ್ತಲೆ, ಆಮೇಲೆ ಅಂಚಿನಲ್ಲಿ ಒಂದಿಷ್ಟು ಮಸುಕು ನೋಟ. ಇದರ ಮೇಲೆ ಇನ್ನೂ ಹತ್ತು ವರ್ಷ ಚಿತ್ರಗಳಲ್ಲಿ ನಟಿಸಿದ. ಸೆಟ್ಟಿನಲ್ಲಿ ಕಪ್ಪು ಕನ್ನಡಕ ಹಾಕಿ ಕೂತವನನ್ನು ಕೈಹಿಡಿದು ಗುರುತಿನ ಜಾಗಕ್ಕೆ ತಂದು ನಿಲ್ಲಿಸಬೇಕು. ಕ್ಯಾಮೆರಾ ಸದ್ದು ಕೇಳುತ್ತಲೇ ಕನ್ನಡಕ ತೆಗೆದು, ಮೆಟ್ಟಿಲು, ಮೇಜು, ಬಾಗಿಲುಗಳ ನಡುವೆ ಎಲ್ಲ ಕಾಣುವವನಂತೆ ಓಡಾಡುತ್ತಿದ್ದ. 'ಕಟ್' ಎಂದೊಡನೆ ಮತ್ತೆ ಕುರುಡ. ತೆರೆಯನ್ನು ನೋಡಿ ತುಟಿಗೆ ಮಾತು ಕೂಡಿಸಲಾಗದ್ದರಿಂದ, ಹೊರಾಂಗಣದ ದೃಶ್ಯಗಳಿಗೆ ಕಾರ್ಲೊ ಕ್ರೊಕ್ಕೊಲೊ ಎಂಬ ನಟ ಅವನ ದನಿ ಕೊಟ್ಟ; ಪ್ರೇಕ್ಷಕರಿಗೆ ಗೊತ್ತಾಗಲಿಲ್ಲ. 'ಇ ಸೋಲಿತಿ ಇಞೋತಿ'ಯಲ್ಲಿ ಹವ್ಯಾಸಿ ಕಳ್ಳರಿಗೆ ತಿಜೋರಿ ಒಡೆಯುವ ಪಾಠ ಹೇಳುವ ಮೇಷ್ಟ್ರು, ಪ್ರವಾಸಿಗನೊಬ್ಬನಿಗೆ ರೋಮಿನ ತ್ರೇವಿ ಕಾರಂಜಿಯನ್ನೇ ಮಾರುವ ಮೋಸಗಾರ, ಎಲ್ಲ ಈ ಕಾಲದವು.

ದುಡ್ಡು ಅವನಲ್ಲಿ ನಿಲ್ಲಲಿಲ್ಲ. ಇನ್ನೂರಕ್ಕೂ ಹೆಚ್ಚು ಬೀದಿ ನಾಯಿಗಳಿಗೆ ಆಶ್ರಮ ಕಟ್ಟಿಸಿದ. ರಾತ್ರಿ ಹೊತ್ತು ಸಾನಿತಾಕ್ಕೆ ಹೋಗಿ ಬಡವರ ಬಾಗಿಲ ಸಂದಿಯಲ್ಲಿ ನೋಟು ತೂರಿಸಿ ಬರುತ್ತಿದ್ದ ಎಂದು ಆ ಕೇರಿಯವರು ಹೇಳುತ್ತ ಬಂದಿದ್ದಾರೆ. 1964ರಲ್ಲಿ ನೇಪಲ್ಸಿನ ಆಡುಮಾತಿನ ಕವಿತೆಗಳ ಪುಸ್ತಕ ತಂದ. ಅದರಲ್ಲಿ ಬಹಳ ಜನಪ್ರಿಯವಾದ 'ಆ ಲಿವೆಲ್ಲಾ'ದಲ್ಲಿ ಒಬ್ಬ ಮಾರ್ಕ್ವಿಸ್‌ನ ಪ್ರೇತ ತನ್ನ ಗೋರಿಯ ಪಕ್ಕ ಬೀದಿ ಗುಡಿಸುವವನನ್ನು ಹೂತದ್ದಕ್ಕೆ ಸಿಡುಕುತ್ತದೆ. ಗುಡಿಸುವವನ ಪ್ರೇತ ಸ್ವಲ್ಪ ಹೊತ್ತು ವಿನಯದಿಂದ ಕೇಳಿಸಿಕೊಂಡು, ತಾಳ್ಮೆ ತಪ್ಪಿದಮೇಲೆ ತಕ್ಕ ಉತ್ತರ ಕೊಡುತ್ತದೆ. ಬಿರುದಿಗಾಗಿ ಕೋರ್ಟು ಮೆಟ್ಟಿಲು ಸವೆಸಿದವನೇ ಬರೆದದ್ದು ಇದು. ವಿರೋಧಾಭಾಸವೆಂದು ಕೆಲವರಿಗೆ ಅನ್ನಿಸಬಹುದು. ಮಾರ್ಕ್ವಿಸ್‌ನ ಸೊಕ್ಕು, ಗುಡಿಸುವವನ ಸಿಟ್ಟು ಎರಡೂ ಅವನಿಗೆ ಸ್ವಂತದ್ದಾಗಿದ್ದವು.

1966ರಲ್ಲಿ ಕವಿ-ನಿರ್ದೇಶಕ ಪಸೊಲಿನಿ ಅವನನ್ನು 'ಉಚೆಲ್ಲಾಚ್ಚಿ ಎ ಉಚೆಲ್ಲೀನಿ'ಗೆ ಕರೆದ. ಅಪ್ಪ ಮಗ ಇಬ್ಬರು ದಾರಿಯಲ್ಲಿ ನಡೆಯುತ್ತಿರುತ್ತಾರೆ. ಎಡಪಂಥದ ಬುದ್ಧಿಜೀವಿಯಾದ ಕಾಗೆಯೊಂದು ಅವರ ಬೆನ್ನುಬಿದ್ದು ಉಪದೇಶ ಮಾಡುತ್ತದೆ. ಕೊನೆಗೆ ಹಸಿವಾಗಿ ಕಾಗೆಯನ್ನೇ ತಿಂದುಬಿಡುತ್ತಾರೆ. ಕಾನ್‌ನಲ್ಲಿ ವಿಶೇಷ ಉಲ್ಲೇಖ, ಎರಡನೆಯ ಬೆಳ್ಳಿ ರಿಬ್ಬನ್, ವಿಮರ್ಶಕರ ಮೆಚ್ಚುಗೆ ಎಲ್ಲ ಒಟ್ಟಿಗೆ ಬಂದವು. ಮೂವತ್ತು ವರ್ಷ ಜನ ನೋಡಿದ ಅದೇ ಹಸಿವನ್ನು ಪಂಡಿತರು ಕೊನೆಗೂ ಗುರುತಿಸಿದ್ದು ಅವರ ಪಕ್ಷಿಯನ್ನೇ ತಿಂದಮೇಲೆ. ಪಸೊಲಿನಿಯ ಜೊತೆ ಮಾಡಿದ ಕಡೆಯ ಕಿರುಚಿತ್ರದಲ್ಲಿ ತೊತೋ ಮುಖಕ್ಕೆ ಹಸಿರು ಬಳಿದುಕೊಂಡ, ಷೇಕ್ಸ್‌ಪಿಯರನ 'ಒಥೆಲೊ' ನಾಟಕದ ಇಯಾಗೊ, ಮೈಗೆ ದಾರ ಕಟ್ಟಿದ ಸೂತ್ರದ ಗೊಂಬೆ. ದೆ ಮಾರ್ಕೊನಿಂದ ಕದ್ದ ವಿದ್ಯೆಯನ್ನು ಅಕ್ಷರಶಃ ಆಡುವ ಪಾತ್ರ ಎಪ್ಪತ್ತರ ಹತ್ತಿರ ಸಿಕ್ಕಿತು. ಅದು ತೆರೆಕಂಡಾಗ ಅವನಿರಲಿಲ್ಲ.

1967ರ ಏಪ್ರಿಲ್ 15ರ ನಸುಕಿನಲ್ಲಿ ರೋಮಿನ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡ. ರೋಮಿನ ಚರ್ಚಿನಲ್ಲಿ ಶವಪೆಟ್ಟಿಗೆಯ ಮೇಲೆ ಬೌಲರ್ ಟೋಪಿ ಇಟ್ಟಿದ್ದರು. ಏಪ್ರಿಲ್ 17ರಂದು ನೇಪಲ್ಸಿಗೆ ತಂದಾಗ ಅಂಗಡಿಗಳು ಬಾಗಿಲೆಳೆದವು, ಕಾರ್ಮಿನೆ ಚರ್ಚಿನ ಸುತ್ತ ಲಕ್ಷಕ್ಕೆ ಮಿಕ್ಕಿ ಜನ ಸೇರಿದರು, ಹಾಸ್ಯನಟ ನೀನೊ ತಾರಾಂತೊ ಚರಮಭಾಷಣ ಮಾಡಿದ. ಸಾನಿತಾದವರಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ನಮ್ಮ ಕೇರಿಯ ಹುಡುಗನಿಗೆ ನಮ್ಮ ಚರ್ಚಿನಲ್ಲಿ ಆಗಬೇಕು ಎಂದರು. ಮೇ ತಿಂಗಳಲ್ಲಿ ಕೇರಿಯ ದಾದಾ ಒಬ್ಬ ಮುಂದೆ ನಿಂತು, ಖಾಲಿ ಪೆಟ್ಟಿಗೆ ತರಿಸಿ, ಮೂರನೆಯ ಶವಸಂಸ್ಕಾರ ಮಾಡಿಸಿದ. ಒಳಗೆ ಯಾರೂ ಇಲ್ಲದ ಪೆಟ್ಟಿಗೆಯ ಹಿಂದೆ ಜನ ನಿಜವಾಗಿಯೇ ಅತ್ತರು.

1970ರ ದಶಕದಲ್ಲಿ ಅವನ ಹಳೆಯ ಚಿತ್ರಗಳು ಥಿಯೇಟರುಗಳಲ್ಲೂ ಟಿವಿಯಲ್ಲೂ ಮತ್ತೆ ಬರತೊಡಗಿದವು. ಅವನನ್ನು ನೋಡದ ಹೊಸ ಪೀಳಿಗೆ ಸಾಲುಗಟ್ಟಿತು. 1977ರಲ್ಲಿ ವಿಮರ್ಶಕ ಗೊಫ್ರೇದೊ ಫೋಫಿ, ಫ್ರಾಂಕಾ ಫಾಲ್ದಿನಿ ಸೇರಿ ಅವನ ಮೇಲೆ ಪುಸ್ತಕ ತಂದಾಗ ಅವನು ಅಧ್ಯಯನದ ವಿಷಯವೂ ಆದ. ಸಾನಿತಾದಲ್ಲಿ ಅವನ ಹೆಸರಿನ ವಸ್ತುಸಂಗ್ರಹಾಲಯಕ್ಕೆ ಹಳೆಯ ಅರಮನೆಯೊಂದನ್ನು ಗೊತ್ತುಮಾಡಿದ್ದೂ ಆಯಿತು. ಆ ಕೆಲಸ ಕಡತದಿಂದ ಕಡತಕ್ಕೆ, ಒಬ್ಬ ಅಧಿಕಾರಿಯಿಂದ ಇನ್ನೊಬ್ಬ ಅಧಿಕಾರಿಗೆ ದಾಟುತ್ತ ದಶಕಗಟ್ಟಲೆ ಎಳೆದಾಡಿತು. ಕಾರ್ಪೊರಲ್‌ಗಳು ಸುಲಭಕ್ಕೆ ಬಿಡುವವರಲ್ಲ.